ಹಸಿರು ಹಲ್ಲಿನ ನಗು

ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಶಾಯಿ ಕಲಸಿದ್ದಕ್ಕೆ ಅವಳಿಗೆ ದಕ್ಕಿದ್ದು ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ, ಶಾಯಮ್ಮ ಅನ್ನುವ ಹೆಸರು, ಮತ್ತು ಇಷ್ಟೇ ಎಂದು ಅಳೆಯಲಾಗದಷ್ಟು ಜಂಭ. ಮೊದಲಿನೆರಡನ್ನು ಬೀದಿಯೆಲ್ಲ ಕಂಡಿತ್ತು. ಜಂಭವನ್ನು ಮನೆಯವರು ಮಾತ್ರ ಬಲ್ಲರು, ಯಾಕೆಂದರೆ ಅದು ಹೆಚ್ಚಾಗಿ ಊಟದ ಹೊತ್ತಿಗೆ ಹೊರಬೀಳುತ್ತಿತ್ತು. "ಈ ಕಣ್ಣಿದೆಯಲ್ಲ, ಈ ಕಣ್ಣು," ಎಂದು ಶಾಯಮ್ಮ ಎಡಗಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಜಗ್ಗಿ ತೋರಿಸುತ್ತಿದ್ದಳು, "ನೂರು ಬಗೆ ಬಿಳಿ ಗುರುತು ಹಿಡಿಯುತ್ತೆ." ನೂರು ಬಿಳಿ ಕಂಡ ಆ ಕಣ್ಣಿಗೆ ಒಬ್ಬ ಮುದುಕನ ಹಲ್ಲಿನ ಬಿಳಿ ಕಾಣದೆ ಹೋದ ಕತೆ ಇದು. ಈಗ ಅವಳೇ ಇದನ್ನು ಮನೆಗೆ ಬಂದವರ ಮುಂದೆಲ್ಲ ಹೇಳಿಕೊಂಡು ಹೊಟ್ಟೆ ಹಿಡಿದು ನಗುತ್ತಾಳೆ. ಆಗ ನಗು ಬಂದಿರಲಿಲ್ಲ.

ಅಚ್ಚುಕೂಟ ಮುಚ್ಚಿದಾಗ ಶಾಯಮ್ಮನಿಗೆ ಐವತ್ತೆಂಟು. ಯಂತ್ರಗಳನ್ನು ಗುಜರಿಯವರು ಲಾರಿಗೆ ಏರಿಸಿಕೊಂಡು ಹೋದರು. ಆ ಜಾಗಕ್ಕೆ ಹಾಸಿಗೆ ಮಾರುವ ಅಂಗಡಿ ಬಂತು. ಎರಡು ತಿಂಗಳು ಅವಳು ಮನೆಯಲ್ಲಿ ಕೂತು ಎಲ್ಲರ ತಪ್ಪು ಹುಡುಕಿದಳು. ಪರದೆಯ ಬಣ್ಣ ಗೋಡೆಗೆ ಒಗ್ಗುತ್ತಿಲ್ಲ. ಚಹಾ ಒಂದು ಛಾಯೆ ಕೆಂಪಾಗಿದೆ. ಗಂಡ ತಲೆಗೂದಲಿಗೆ ಹಚ್ಚುವ ಕಪ್ಪು ಕಿವಿಯ ಹತ್ತಿರ ಸುಳ್ಳು ಹೇಳುತ್ತಿದೆ. ಮೂರನೆಯ ತಿಂಗಳು ಗಂಡ ಸೊಸೆಯ ಹತ್ತಿರ ಹೋಗಿ, "ನಿಮ್ಮತ್ತೆಗೆ ಏನಾದ್ರೂ ಒಂದು ಕೆಲಸ ಕೊಡಮ್ಮ, ನಿನಗೆ ಪುಣ್ಯ ಬರುತ್ತೆ," ಎಂದು ಕೈಮುಗಿದ.

ಸೊಸೆ ಮನೆಯ ಮುಂಕೋಣೆಯಲ್ಲಿ ಕೂತು ಅಂಗಡಿ, ಆಸ್ಪತ್ರೆ, ಶಾಲೆಗಳಿಗೆ ವೆಬ್‌ಪುಟ ಮಾಡಿಕೊಡುತ್ತಿದ್ದಳು. ಎರಡು ಮೇಜು, ಎರಡು ಕಂಪ್ಯೂಟರು, ಕಿಟಕಿಯ ಕಟ್ಟೆಯ ಮೇಲೆ ಒಂದು ಪಾಪಾಸುಕಳ್ಳಿ. ಮಾತು ಕಡಿಮೆ, ಕೆಲಸ ಚೊಕ್ಕ. ಅತ್ತೆಯನ್ನು ಎರಡನೆಯ ಮೇಜಿಗೆ ಕೂರಿಸಿ, ಪುಟದ ಅಂದಚೆಂದವನ್ನು ಯಾವ ಫೈಲಿನಲ್ಲಿ ಬರೆಯಬೇಕು, ಅಕ್ಷರದ ಗಾತ್ರ ಹೇಳುವುದು ಹೇಗೆ, ಹಿನ್ನೆಲೆಗೆ ಚಿತ್ರ ಹಾಕುವುದು ಹೇಗೆ ಎಂದು ಒಂದೊಂದಾಗಿ ಹೇಳಿಕೊಟ್ಟಳು. ಸೊಸೆ ಗದರುವುದು, ಅತ್ತೆ ತಲೆ ತಗ್ಗಿಸುವುದು: ಲೋಕದಲ್ಲಿ ಎಲ್ಲೂ ನಡೆಯದ ಸಂಗತಿ ತಮ್ಮ ಮನೆಯಲ್ಲಿ ನಡೆಯುತ್ತಿದೆ ಎಂದು ಮಗ ಆಗಾಗ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದ.

ಮೊದಮೊದಲು ಶಾಯಮ್ಮ ತಡವರಿಸಿದಳು. ಒಂದು ಅರ್ಧವಿರಾಮ ಬಿಟ್ಟುಹೋಗಿ ಇಡೀ ಪುಟ ಚೆಲ್ಲಾಪಿಲ್ಲಿಯಾದ ದಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು. ಆದರೆ ಬಣ್ಣ ಬೆರೆಸುವ ಪಾಠ ಬಂದ ದಿನ ಅವಳ ಅದೃಷ್ಟ ಕಣ್ಣು ತೆರೆಯಿತು.

"ಅತ್ತೆ, ಇಲ್ಲಿ ನೋಡಿ," ಅಂದಳು ಸೊಸೆ. "ಹಿಂದೆ ಒಂದು ಬಣ್ಣ ಇದೆ. ಅದರ ಮೇಲೆ ಒಂದು ಫೋಟೋ ಇದೆ. ಎರಡೂ ಒಂದಕ್ಕೊಂದು ಹೇಗೆ ಬೆರೀಬೇಕು ಅಂತ ಒಂದೇ ಸಾಲಲ್ಲಿ ಹೇಳಿಬಿಡಬಹುದು. ಸ್ಕ್ರೀನ್ ಅಂತ ಬರೆದ್ರೆ ಎಲ್ಲ ತಿಳಿಯಾಗುತ್ತೆ, ಕಪ್ಪಿದ್ದ ಕಡೆ ಹಿಂದಿನ ಬಣ್ಣ ಬಂದು ಕೂರುತ್ತೆ. ಮಲ್ಟಿಪ್ಲೈ ಅಂತ ಬರೆದ್ರೆ ಎಲ್ಲ ಗಾಢವಾಗುತ್ತೆ..."

"ಬಿಳಿ ಇದ್ದ ಕಡೆ ಹಿಂದಿನ ಬಣ್ಣ ಬಂದು ಕೂರುತ್ತೆ," ಎಂದು ಶಾಯಮ್ಮ ಮಾತು ಕಸಿದುಕೊಂಡಳು.

ಸೊಸೆ ಕುರ್ಚಿ ಸಮೇತ ತಿರುಗಿದಳು. "ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಏನು? ಇದು ನಮ್ಮ ಶಾಯಿಯೇ ಅಲ್ವೇನೇ! ಹಳದಿ ಕಾಗದದ ಮೇಲೆ ಫೋಟೋ ಅಚ್ಚು ಹಾಕಿದ್ರೆ ಬಿಳಿ ಎಲ್ಲಿಂದ ಬರುತ್ತೆ? ಬಿಳಿ ಇರಬೇಕಾದ ಕಡೆ ಕಾಗದದ ಹಳದಿ ಕಾಣುತ್ತೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಮಲ್ಟಿಪ್ಲೈಯೇ. ಅದಕ್ಕೆ ಇಷ್ಟು ದೊಡ್ಡ ಹೆಸರಿದೆ ಅಂತ ಯಾರೂ ಹೇಳಿರಲಿಲ್ಲ, ಅಷ್ಟೇ."

ಅವತ್ತಿನಿಂದ ಅವಳನ್ನು ಹಿಡಿಯುವವರಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಶಾಯಮ್ಮ ಕಂಡ ಕಂಡ ಪುಟಕ್ಕೆಲ್ಲ ಮಲ್ಟಿಪ್ಲೈ ಹಿಡಿದಳು. ಚಪ್ಪಲಿ ಅಂಗಡಿಗೆ ಕಂದು ಬೆರೆಸಿದಳು, ಹೂವಿನ ಅಂಗಡಿಗೆ ನೇರಳೆ. ಗಡಿಯಾರ ರಿಪೇರಿಯವನ ಪುಟಕ್ಕೆ ಕಡುನೀಲಿ ಬೆರೆಸಿ, ಗಡಿಯಾರದಲ್ಲಿ ಗಂಟೆ ಎಷ್ಟು ಎಂದು ಹುಟ್ಟಿಸಿದ ದೇವರಿಗೂ ತಿಳಿಯದ ಹಾಗೆ ಮಾಡಿದಳು. ಸೊಸೆ ಅವನ್ನೆಲ್ಲ ಸದ್ದಿಲ್ಲದೆ ತಿಳಿ ಮಾಡಿ, ಆಮೇಲೆ ಪುಟವನ್ನು ಜನರಿಗೆ ಬಿಡುತ್ತಿದ್ದಳು. ತನ್ನ ಬಣ್ಣ ಲೋಕಕ್ಕೆ ಮುಟ್ಟುವ ಹೊತ್ತಿಗೆ ಅರ್ಧ ತೊಳೆದು ಹೋಗಿರುತ್ತದೆ ಎಂಬುದು ಶಾಯಮ್ಮನಿಗೆ ಗೊತ್ತೇ ಆಗಲಿಲ್ಲ. ಆ ಕಣ್ಣು ಅಷ್ಟು ಸೂಕ್ಷ್ಮ!

ಹೀಗಿರುವಾಗ ಎರಡು ಬೀದಿ ಆಚೆಯ ಹಲ್ಲಿನ ಡಾಕ್ಟರಮ್ಮನ ಕೆಲಸ ಬಂತು. "ಹಲ್ಲಿನ ಡಾಕ್ಟರು ಅಂದ್ರೇನೇ ಜನ ಹೆದರ್ತಾರೆ," ಅಂದರು ಆಕೆ. "ಪುಟ ತೆರೆದ ಕೂಡಲೇ ಒಂದು ಒಳ್ಳೆ ನಗು ಕಾಣಬೇಕು. ನಮ್ಮ ಕ್ಲಿನಿಕ್ಕಿನ ಬಣ್ಣವೂ ಎಲ್ಲಾದ್ರೂ ಒಂದು ಕಡೆ ಇರಲಿ." ಕ್ಲಿನಿಕ್ಕಿನ ಗೋಡೆ, ಬೋರ್ಡು, ಕೊನೆಗೆ ಬಾಯಿ ಮುಕ್ಕಳಿಸುವ ಲೋಟ ಕೂಡ ಒಂದು ತಿಳಿಯಾದ ಹಸಿರುನೀಲಿ.

ಫೋಟೋ ಅವರೇ ಕಳಿಸಿದರು. ಅದರಲ್ಲಿದ್ದವರು ಎಪ್ಪತ್ತೆರಡು ದಾಟಿದ, ಬಸ್ ಓಡಿಸಿ ನಿವೃತ್ತರಾದ ಒಬ್ಬ ಡ್ರೈವರು. ಒಂದೊಂದೇ ಹಲ್ಲು ಬಿದ್ದು ಬಾಯಿ ಬರಿದಾದ ಮೇಲೆ ಆರು ವರ್ಷ ಅವರು ನಕ್ಕಿರಲಿಲ್ಲ. ನಗಲೇಬೇಕಾದಾಗ ಅಂಗೈ ಅಡ್ಡ ಹಿಡಿಯುತ್ತಿದ್ದರು. ಡಾಕ್ಟರಮ್ಮ ಹೊಸ ಹಲ್ಲಿನ ಸೆಟ್ಟು ಕೂರಿಸಿ ಕನ್ನಡಿ ಹಿಡಿದಾಗ ಮುದುಕರು ಬಾಯಿ ತುಂಬ ನಕ್ಕರು, ಪಕ್ಕದಲ್ಲಿದ್ದ ನರ್ಸು ಫೋಟೋ ತೆಗೆದಳು. ಪುಟಕ್ಕೆ ಹಾಕಬಹುದಾ ಎಂದು ಕೇಳಿದ್ದಕ್ಕೆ, "ಹಾಕಿ, ಎಲ್ಲರೂ ನೋಡಲಿ," ಅಂದಿದ್ದರಂತೆ.

ಸೊಸೆ ಫೋಟೋವನ್ನು ಇದ್ದ ಹಾಗೇ ಇಟ್ಟು, ಮೇಲೊಂದು ಹಸಿರುನೀಲಿ ಪಟ್ಟಿ ಎಳೆದು ಕೆಲಸ ಮುಗಿಸಿದ್ದಳು. ಶಾಯಮ್ಮನಿಗೆ ಅದು ರುಚಿಸಲಿಲ್ಲ. "ಪಥ್ಯದ ಊಟ ಇದ್ದ ಹಾಗಿದೆ ಕಣೇ. ಉಪ್ಪಿಲ್ಲ, ಹುಳಿಯಿಲ್ಲ."

"ಇರಲಿ ಅತ್ತೆ. ಆಸ್ಪತ್ರೆ ಪುಟ ಅಲ್ವಾ? ಪಥ್ಯವೇ ಸರಿ."

ಅಷ್ಟರಲ್ಲಿ ಸೊಸೆಯ ತಾಯಿಗೆ ಮೊಣಕಾಲಿನ ಆಪರೇಷನ್ ಅಂತ ಆಯಿತು. ಅವಳು ಒಂದು ವಾರ ತವರಿಗೆ ಹೊರಟಳು. ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು, "ಹಲ್ಲಿನ ಪುಟ ಮುಟ್ಟಬೇಡಿ. ನಾನು ಬಂದ ಮೇಲೆ ಫೋನಿನಲ್ಲೆಲ್ಲ ಹೇಗೆ ಕಾಣುತ್ತೆ ನೋಡಿ ಬಿಡೋಣ."

"ಆಯ್ತು ಹೋಗೇ. ನಾನೇನು ಚಿಕ್ಕ ಮಗುವಾ?"

ಚಿಕ್ಕ ಮಗುವಾಗಿದ್ದರೆ ಎಷ್ಟೋ ವಾಸಿಯಿತ್ತು. ಚಿಕ್ಕ ಮಗುವಿಗೆ ಪಾಸ್‌ವರ್ಡ್ ಗೊತ್ತಿರುವುದಿಲ್ಲ.

ಎರಡನೆಯ ದಿನ ಶಾಯಮ್ಮ ಆ ಪುಟವನ್ನು ಸುಮ್ಮನೆ ನೋಡಲೆಂದು ತೆರೆದಳು. ಕ್ಲಿನಿಕ್ಕಿನ ಹಸಿರುನೀಲಿ ಯಾಕೋ ತಣ್ಣಗೆ ಕಂಡಿತು. ಒಂದಿಷ್ಟು ಹಳದಿ ಸೇರಿಸಿದಳು. ಇನ್ನೊಂದಿಷ್ಟು ಸೇರಿಸಿದಳು. ಅದು ಮಳೆ ಬಿದ್ದ ಮರುದಿನದ ಹುಲ್ಲಿನ ಬಣ್ಣಕ್ಕೆ ಬಂತು. ಅದನ್ನು ಫೋಟೋದ ಹಿಂದಿಟ್ಟು, ಕೆಳಗೆ ಮಲ್ಟಿಪ್ಲೈ ಅನ್ನುವ ಆ ಒಂದು ಸಾಲು ಬರೆದಳು. ಅವಳ ದೊಡ್ಡ ಪರದೆಯಲ್ಲಿ ಡ್ರೈವರು ಬಲಗಡೆ ಮೂಲೆಯಲ್ಲಿ ಚಿಕ್ಕದಾಗಿ ಕಾಣುತ್ತಿದ್ದರು. ಹಿಂದಿನ ಬಿಳಿ ಗೋಡೆ ಹೋಗಿ ತೋಟ ಚಿಗುರಿದ ಹಾಗಾಗಿತ್ತು. ಅವರ ಕಪ್ಪು ಮೈಬಣ್ಣ ಇನ್ನಷ್ಟು ಗಾಢವಾಗಿ ಕಂಚಿನ ಹಾಗೆ ಮಿಂಚುತ್ತಿತ್ತು. 'ನಿಮ್ಮ ನಗು, ನಮ್ಮ ಹೊಣೆ' ಎಂಬ ದಪ್ಪಕ್ಷರದ ಸಾಲು ಸರಿಯಾಗಿ ಅವರ ಬಾಯಿಯ ಮೇಲೆ ಹಾದು ಹೋಗಿತ್ತು. ಬಾಯೊಳಗೆ ಏನಾಗಿದೆ ಎಂಬುದು ಆ ಅಕ್ಷರಗಳ ಹಿಂದೆ ಅಡಗಿತ್ತು.

ಅವಳು ಗಂಡನನ್ನು ಕೂಗಿದಳು. ಪದಬಂಧ ಬಿಡಿಸುತ್ತಿದ್ದ ಗಂಡ ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು ಬಂದು ನೋಡಿದ. "ಚೆನ್ನಾಗಿದೆ. ಯಾರಿವರು, ನರ್ಸರಿಯವರಾ?"

ಶಾಯಮ್ಮ ಅದನ್ನೂ ಹೊಗಳಿಕೆಯ ಲೆಕ್ಕಕ್ಕೇ ಹಾಕಿಕೊಂಡಳು. ಅದೇ ಹೊತ್ತಿಗೆ ಡಾಕ್ಟರಮ್ಮ ಫೋನು ಮಾಡಿ, ಪುಟ ಯಾವಾಗ ಆಗುತ್ತೆ ಎಂದು ಕೇಳಬೇಕೆ? "ಈಗಲೇ ಬಿಡ್ತೀನಿ, ನಾನೇ ಮಾಡಿರೋದು," ಅಂದಳು ಶಾಯಮ್ಮ. 'ನಾನೇ' ಅನ್ನುವುದನ್ನು ಎರಡು ಸಲ ಅಂದಳು. ಒತ್ತಬೇಕಾದ ಗುಂಡಿ ಒತ್ತಿದಳು.

ನಾಲ್ಕು ದಿನ ಬಿಟ್ಟು ಡಾಕ್ಟರಮ್ಮನಿಂದ ಮತ್ತೆ ಫೋನು. "ಒಂದು ಸಲ ಕ್ಲಿನಿಕ್ಕಿಗೆ ಬಂದು ಹೋಗ್ತೀರಾ? ಪುಟದ ವಿಷಯ."

ಹೊಗಳುವುದಕ್ಕೇ ಕರೆದಿದ್ದಾರೆ ಎಂಬುದರಲ್ಲಿ ಶಾಯಮ್ಮನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡಳು. ದಾರಿಯುದ್ದಕ್ಕೂ ವಿನಯದ ಉತ್ತರವೊಂದನ್ನು ಬಾಯಿಪಾಠ ಮಾಡಿಕೊಂಡಳು: 'ನನ್ನದೇನಿದೆ ಡಾಕ್ಟ್ರೇ, ಎಲ್ಲ ಅನುಭವ.' ಈ ವಾಕ್ಯವನ್ನು ನೆನೆದರೆ ಇವತ್ತಿಗೂ ಅವಳ ಕಿವಿ ಬಿಸಿಯಾಗುತ್ತದೆ.

ಡಾಕ್ಟರಮ್ಮ ಕುರ್ಚಿ ತೋರಿಸಿದರು. ತಮ್ಮ ಫೋನು ತೆಗೆದು ಮುಂದೆ ಹಿಡಿದರು.

ಫೋನಿನ ಪರದೆ ಕಿರಿದು. ಅಲ್ಲಿ ದಪ್ಪಕ್ಷರದ ಸಾಲು ಜಾಗ ಸಾಲದೆ ಕೆಳಗಿಳಿದು ಹೋಗಿತ್ತು. ಫೋಟೋ ಹಿಗ್ಗಿ ಪರದೆ ತುಂಬಿಕೊಂಡಿತ್ತು. ಗೋಡೆ ಇಲ್ಲ, ತೋಟ ಇಲ್ಲ, ಹಣೆ ಕೂಡ ಇಲ್ಲ. ಮೂಗಿನಿಂದ ಕೆಳಗೆ ಒಂದು ಬಾಯಿ. ಬಾಯಿ ತುಂಬ ಹಲ್ಲು. ಒಂದೊಂದು ಹಲ್ಲೂ ಬಾವಿಕಟ್ಟೆಯ ಕಲ್ಲಿನ ಹಾಗೆ ಹಸಿರು ಹಳದಿಯಾಗಿ, ಪಾಚಿ ಕಟ್ಟಿ ನಗುತ್ತಿತ್ತು. ಅದರ ಕೆಳಗೆ ಬರೆದಿತ್ತು: ನಿಮ್ಮ ನಗು, ನಮ್ಮ ಹೊಣೆ.

ಬಿಳಿ ಇದ್ದ ಕಡೆ ಹಿಂದಿನ ಬಣ್ಣ ಬಂದು ಕೂರುತ್ತದೆ. ಸೊಸೆಗೆ ಪಾಠ ಹೇಳಿದವಳೇ ಅವಳು.

"ಇದು ಇಷ್ಟೇ ಆಗಿದ್ರೆ ನಾನೂ ನಕ್ಕು ಸುಮ್ಮನಾಗ್ತಿದ್ದೆ," ಅಂದರು ಡಾಕ್ಟರಮ್ಮ. ಒಂದು ತಟ್ಟೆಯನ್ನು ಹತ್ತಿರಕ್ಕೆ ಎಳೆದರು. ಅದರಲ್ಲಿ ಹಲ್ಲಿನ ಸೆಟ್ಟೊಂದಿತ್ತು. "ಫೋಟೋದಲ್ಲಿರೋರು ಈ ಪುಟವನ್ನ ತಮ್ಮ ಜೊತೆ ಕೆಲಸ ಮಾಡಿದ ಡ್ರೈವರುಗಳಿಗೆಲ್ಲ ಕಳಿಸಿದಾರೆ. ಬೆಳಗ್ಗೆ ಪಾರ್ಕಿನಲ್ಲಿ ಕೂರೋ ಗೆಳೆಯರಿಗೆ ತೋರಿಸಿದಾರೆ. ಅದರಲ್ಲಿ ಒಬ್ಬರು, 'ಏನಯ್ಯಾ, ಹೊಸ ಹಲ್ಲಿಗೆ ಆಗಲೇ ಪಾಚಿ ಕಟ್ಟಿದೆ,' ಅಂದ್ರಂತೆ. ಇವರು ಮನೆಗೆ ಹೋಗಿ, ಪಾತ್ರೆ ತಿಕ್ಕೋ ಪುಡಿ ಹಾಕಿ, ತಂತಿ ಬ್ರಷ್ಷಿನಿಂದ ಎರಡು ದಿನ ತಿಕ್ಕಿದಾರೆ. ಹಸಿರು ಹೋಗಬೇಕಲ್ಲ! ಇಲ್ಲದ ಹಸಿರು ಹೋಗೋದು ಹೇಗೆ? ನಿನ್ನೆ ಕರವಸ್ತ್ರದಲ್ಲಿ ಕಟ್ಕೊಂಡು ಬಂದು, 'ಬಣ್ಣ ಬಿಡೋ ಹಲ್ಲು ನನಗೆ ಬೇಡ,' ಅಂತ ಇಲ್ಲಿ ಇಟ್ಟು ಹೋದ್ರು."

"ನೀವು ಹೇಳಲಿಲ್ವಾ, ಹಾಗೇನಿಲ್ಲ ಅಂತ?"

"ಹೇಳಿದೆ. 'ನಿಮ್ಮ ಪುಟವೇ ಹೇಳ್ತಿದೆಯಲ್ಲ ಡಾಕ್ಟ್ರೇ,' ಅಂದ್ರು. ಏನಂತ ಉತ್ತರ ಕೊಡಲಿ?" ಡಾಕ್ಟರಮ್ಮ ಹಲ್ಲನ್ನು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಪಾಲಿಶ್ ಮಾಡಿದೀನಿ, ಗೀರು ಹೆಚ್ಚುಕಮ್ಮಿ ಹೋಗಿದೆ. ನೀವೇ ತಗೊಂಡು ಹೋಗಿ ಕೊಡಿ. ನೀವೇ ಹೇಳಿ."

'ಹಲ್ಲು ಮುರಿದು ಕೈಗೆ ಕೊಡ್ತೀನಿ' ಎಂದು ಜನ ಬೈದಾಡುವುದನ್ನು ಶಾಯಮ್ಮ ಕೇಳಿದ್ದಳು. ನಿಜವಾಗಿ ಕೈಗೆ ಕೊಟ್ಟವರು ಇವರೇ ಮೊದಲು.

ಕ್ಲಿನಿಕ್ಕಿನ ಮೆಟ್ಟಿಲಲ್ಲೇ ಕೂತು ಸೊಸೆಗೆ ಫೋನು ಮಾಡಿದಳು. ಬೈಗುಳಕ್ಕೆ ಬೆನ್ನು ಬಾಗಿಸಿಕೊಂಡೇ ಇದ್ದಳು. ಆದರೆ ಸೊಸೆ ಎಲ್ಲ ಕೇಳಿ, "ಆ ಮಲ್ಟಿಪ್ಲೈ ಸಾಲು ಅಳಿಸಿಬಿಡಿ ಅತ್ತೆ, ಫೋಟೋ ಮೊದಲಿನ ಹಾಗೆ ಕಾಣುತ್ತೆ," ಅಂದಳು ಮೆತ್ತಗೆ. "ಆಮೇಲೆ ಅವರ ಮನೆಗೆ ಹೋಗಿ ಬನ್ನಿ. ನೀರು ಕುಡಿದು ಹೋಗಿ." ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಶಾಯಮ್ಮನಿಗೆ.

ಮನೆಗೆ ಹೋಗಿ ಸಾಲು ಅಳಿಸಿ, ಬಸ್ಸು ಹತ್ತಿದಳು. ತೊಡೆಯ ಮೇಲಿನ ಡಬ್ಬಿ ಹಳ್ಳ ಬಂದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಪಕ್ಕದ ಹೆಂಗಸು ಕುತೂಹಲದಿಂದ, "ಮಕ್ಕಳ ಗಿಲಕಿಯಾ?" ಎಂದು ಕೇಳಿದಳು.

"ಅಲ್ಲ, ಹಲ್ಲು," ಅಂದಳು ಶಾಯಮ್ಮ. ಅವತ್ತು ಅವಳಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ. ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಡ್ರೈವರ ಮನೆ ಒಂದು ದರ್ಜಿ ಅಂಗಡಿಯ ಮೇಲೆ. ಕಿರಿದಾದ ಮೆಟ್ಟಿಲು, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ಬಾಗಿಲು ತೆರೆದದ್ದು ಅವರ ಹೆಂಡತಿ. ಶಾಯಮ್ಮ ಯಾರು, ಯಾಕೆ ಬಂದಳು ಎಂದು ತಿಳಿದ ಮೇಲೂ, "ಬನ್ನಿ ಅಮ್ಮ, ಕೂತ್ಕೊಳ್ಳಿ," ಅಂದರು. ಡ್ರೈವರು ಕಿಟಕಿಯ ಹತ್ತಿರ ಮೋರೆ ತಿರುಗಿಸಿಕೊಂಡು ಕೂತಿದ್ದರು. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದರು.

"ನಿನ್ನೆ ಹಲ್ಲು ಕೊಟ್ಟು ಬಂದ ಮೇಲೆ ಬಾಯಿ ಬಿಟ್ಟಿಲ್ಲ," ಅಂದರು ಹೆಂಡತಿ. "ನನಗೂ ಅಭ್ಯಾಸವಾಗಿದೆ, ಇಬ್ಬರ ಮಾತೂ ನಾನೇ ಆಡ್ತೀನಿ. ಏನು ಹೇಳಿ."

ಶಾಯಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. "ಅಣ್ಣಾ, ನಿಮ್ಮ ಹಲ್ಲು ಹಸಿರಲ್ಲ. ಅದು ನಾನು ಮಾಡಿದ ತಪ್ಪು. ಪುಟದಲ್ಲಿ ಹಿಂದೆ ಒಂದು ಬಣ್ಣ ಇಟ್ಟು, ಮೇಲೆ ಫೋಟೋ ಇಟ್ಟು, ಮಲ್ಟಿಪ್ಲೈ ಮಾಡಿದೆ..."

"ಗುಣಾಕಾರವಾ?" ಹೆಂಡತಿ ಹುಬ್ಬೇರಿಸಿದರು. "ಹಲ್ಲಿಗೂ ಗುಣಾಕಾರಕ್ಕೂ ಏನಮ್ಮ ಸಂಬಂಧ?"

ಮೂವತ್ತೊಂದು ವರ್ಷದ ಅನುಭವ ಅಲ್ಲೇ ಕುಸಿದು ಕೂತಿತು. ಶಾಯಮ್ಮ ಫೋನು ತೆಗೆದು ಪುಟ ತೋರಿಸಿದಳು. ಈಗ ಫೋಟೋ ಮೊದಲಿನಂತಿತ್ತು, ಹಲ್ಲು ಮಲ್ಲಿಗೆಯ ಹಾಗಿತ್ತು. "ನೋಡಿ ಅಣ್ಣಾ, ಬಿಳಿಯೇ ಇದೆ!"

ಡ್ರೈವರು ನೋಡಿದರು. ಇಲ್ಲ ಎಂಬಂತೆ ತಲೆಯಾಡಿಸಿದರು. ಹೆಂಡತಿಯ ಕಡೆಗೆ ಕೈಸನ್ನೆ ಮಾಡಿದರು. ಹೆಂಡತಿ ಅದನ್ನು ಓದಿ ಹೇಳಿದರು, "ಮೊನ್ನೆ ಹಸಿರಿತ್ತು, ಇವತ್ತು ಬಿಳಿ ಬಳಿದು ತಂದಿದ್ದಾರೆ ಅಂತಾರೆ."

ಅವರ ಮಾತಿನಲ್ಲಿ ತಪ್ಪು ಹುಡುಕಲು ಸಾಧ್ಯವಿರಲಿಲ್ಲ. ಒಂದು ಸಲ ಬಣ್ಣದಲ್ಲಿ ಸುಳ್ಳು ಹೇಳಿದವಳು ಬಿಳಿಯಲ್ಲಿ ನಿಜ ಹೇಳುತ್ತಾಳೆ ಎಂದು ಯಾರು ತಾನೇ ನಂಬಬೇಕು? ಶಾಯಮ್ಮ ಸುತ್ತ ನೋಡಿದಳು. ಮೇಜಿನ ಮೇಲೆ ರಕ್ತ ಪರೀಕ್ಷೆಯ ಕಾಗದಗಳನ್ನು ಇಟ್ಟಿದ್ದ ಹಸಿರು ಪ್ಲಾಸ್ಟಿಕ್ ಫೈಲೊಂದಿತ್ತು, ಒಳಗಿನದೆಲ್ಲ ಕಾಣುವಂಥದ್ದು. ಕೇಳದೆಯೇ ಅದನ್ನು ತೆಗೆದುಕೊಂಡು ಕಾಗದ ಖಾಲಿ ಮಾಡಿದಳು. ಡಬ್ಬಿ ತೆರೆದು ಅವರ ಮುಂದಿಟ್ಟಳು.

"ಹಲ್ಲು ಯಾವ ಬಣ್ಣ ಇದೆ ಅಣ್ಣಾ?"

ಅವರು ಓರೆಗಣ್ಣಿನಿಂದ ನೋಡಿದರು. ಬಿಳಿ ಎಂದು ಒಪ್ಪಿಕೊಳ್ಳುವ ಹಾಗೆ ತುಸು ಗೋಣು ಹಾಕಿದರು.

ಶಾಯಮ್ಮ ಡಬ್ಬಿಯ ಮೇಲೆ ಫೈಲು ಅಡ್ಡ ಹಿಡಿದಳು. ಹಲ್ಲು ಹಸಿರಾಯಿತು. ತೆಗೆದಳು, ಬಿಳಿಯಾಯಿತು. ಮತ್ತೆ ಹಿಡಿದಳು. "ನಾನು ಮಾಡಿದ್ದು ಇಷ್ಟೇ. ಬುದ್ಧಿಗೆಟ್ಟು ನಿಮ್ಮ ನಗುವಿನ ಮೇಲೆ ಇದನ್ನ ಹಿಡಿದೆ."

ಡ್ರೈವರು ಕರವಸ್ತ್ರ ಇಳಿಸಿದರು. ಬಗ್ಗಿ ಫೈಲಿನ ಒಳಗಿಂದ ನೋಡಿದರು, ಹೊರಗಿಂದ ನೋಡಿದರು. ಬೊಚ್ಚುಬಾಯಿಯಿಂದ ಒಂದೇ ಒಂದು ಶಬ್ದ ಬಂತು. "ಪಟ್ಟಿ!"

"ಏನು ಪಟ್ಟಿ?" ಹೆಂಡತಿ ಗಾಬರಿಯಾದರು.

ಅವರು ಡಬ್ಬಿ ಕೈಗೆತ್ತಿಕೊಂಡು ಗೋಡೆಯ ಕಡೆ ತಿರುಗಿದರು. ಕಟಕ್ ಎಂದಿತು. ಈ ಕಡೆ ತಿರುಗಿದಾಗ ಬಾಯಿ ತುಂಬಿತ್ತು, ಮಾತೂ ತುಂಬಿತ್ತು.

"ಮೂವತ್ನಾಲ್ಕು ವರ್ಷ ಬಸ್ ಓಡಿಸಿದೀನಿ. ಮುಂದಿನ ಗಾಜಿನ ಮೇಲ್ಗಡೆ ಬಿಸಿಲಿಗೆ ಅಂತ ಹಸಿರು ಪಟ್ಟಿ ಇರುತ್ತೆ. ಇಳಿಜಾರಿನಲ್ಲಿ ಎದುರಿಂದ ಬಿಳಿ ಲಾರಿ ಬಂದ್ರೆ ಮೊದಲು ಆ ಪಟ್ಟಿಯೊಳಗೆ ಕಾಣುತ್ತೆ, ಹಸಿರು ಲಾರಿ. ಪಟ್ಟಿಯಿಂದ ಕೆಳಗೆ ಬಂದ ಮೇಲೆ ಬಿಳಿ ಲಾರಿ. ಲಾರಿ ಬಣ್ಣ ಬದಲಾಯ್ತಾ? ಇಲ್ಲ. ಇಷ್ಟೇ ತಾನೇ ನೀವು ಹೇಳ್ತಿರೋದು?"

"ಇಷ್ಟೇ ಅಣ್ಣಾ."

"ಇದನ್ನ ಹೇಳೋಕೆ ಅರ್ಧ ಗಂಟೆ ಬೇಕಾಯ್ತಾ?" ಅವರು ಫೈಲನ್ನು ಅವಳ ಕೈಯಿಂದ ತೆಗೆದುಕೊಂಡು ಬೀಸಣಿಗೆಯಂತೆ ಆಡಿಸಿದರು. "ಆ ಪಟ್ಟಿ ಗಾಜಿನ ಮೇಲ್ಗಡೆ ಮಾತ್ರ ಯಾಕಿರುತ್ತೆ ಗೊತ್ತಾ? ಕಣ್ಣಿನ ನೇರಕ್ಕೆ ಅಂಟಿಸಿದ್ರೆ ದಾರಿ ಕಾಣಲ್ಲ. ಹಾಗೆ ಅಂಟಿಸಿದವನ ಲೈಸೆನ್ಸ್ ಕಿತ್ಕೋತಾರೆ. ನಿಮ್ಮ ಕೆಲಸಕ್ಕೆ ಲೈಸೆನ್ಸ್ ಗಿಸೆನ್ಸ್ ಏನೂ ಇಲ್ವಾ?"

"ಇಲ್ಲ ಅಣ್ಣಾ."

"ಇರಬೇಕಿತ್ತು."

ಶಾಯಮ್ಮ ತಲೆ ಎತ್ತಲಿಲ್ಲ. ಡ್ರೈವರು ಫೈಲನ್ನು ಮೇಜಿನ ಮೇಲಿಟ್ಟರು. ಆಮೇಲೆ ಅವರು ದನಿ ತಗ್ಗಿಸಿ, "ಆರು ವರ್ಷ ಆದ್ಮೇಲೆ ನಕ್ಕಿದ್ದೆ ಕಣಮ್ಮ," ಅಂದರು. ಬೈಗುಳದಲ್ಲಿ ಅಳದಿದ್ದವಳ ಕಣ್ಣು ಆ ಮಾತಿಗೆ ತುಂಬಿಕೊಂಡಿತು.

ಹೆಂಡತಿಯೇ ಕಾಪಾಡಿದರು. "ಆರು ವರ್ಷ ಮನೆಗೆ ಬಂದವರೆಲ್ಲ, ಪಾಪ, ಹಲ್ಲಿಲ್ಲ ಅಂತ ಇವರು ನಗ್ತಿಲ್ಲ ಅಂದ್ಕೊಂಡಿದ್ರು. ಹಲ್ಲು ಬಂದ್ಮೇಲೆ ಗೊತ್ತಾಯ್ತು, ಮನುಷ್ಯನೇ ಸಿಡುಕ!" ಡ್ರೈವರು ಹೆಂಡತಿಯನ್ನು ದುರುಗುಟ್ಟಿ ನೋಡಲು ಹೋದರು, ಅರ್ಧದಲ್ಲೇ ನಗು ಬಂದುಬಿಟ್ಟಿತು. ಕೈ ಬಾಯಿಯ ತನಕ ಎದ್ದು, ಅಲ್ಲೇ ನಿಂತು, ಕೆಳಗಿಳಿಯಿತು.

ಹೊರಡುವಾಗ ಅವರು ಒಂದು ಷರತ್ತು ಹಾಕಿದರು. ನಾಳೆ ಬೆಳಗ್ಗೆ ಏಳಕ್ಕೆ ಪಾರ್ಕಿಗೆ ಬರಬೇಕು. ಗೆಳೆಯರ ಮುಂದೆ ಇದನ್ನೇ ಹೇಳಬೇಕು. ಫೈಲು ತಾವೇ ತರುತ್ತೇವೆ.

ಶಾಯಮ್ಮ ಹೋದಳು. ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಳ್ಳಲಿಲ್ಲ. ಕಲ್ಲುಬೆಂಚಿನ ಮೇಲೆ ಡ್ರೈವರ ಪಕ್ಕದಲ್ಲಿ ಐದು ಜನ ಮುದುಕರು ಮಫ್ಲರ್ ಸುತ್ತಿಕೊಂಡು ಪರೀಕ್ಷಕರ ಹಾಗೆ ಕೂತಿದ್ದರು. ಅವಳು ನಿಂತು, ತಾನು ಯಾರು, ಏನು ಮಾಡಿದೆ, ಹೇಗೆ ಮಾಡಿದೆ ಎಂದು ಒಪ್ಪಿಸಿದಳು. ಈ ಸಲ ಗುಣಾಕಾರದ ಗೋಜಿಗೆ ಹೋಗಲಿಲ್ಲ, ಲಾರಿಯ ಕತೆಯನ್ನೇ ಹೇಳಿದಳು. ಪಾಚಿ ಎಂದು ಆಡಿಕೊಂಡಿದ್ದವರು ಯಾರೆಂದು ಕೇಳುವುದೇ ಬೇಡವಾಯಿತು. ಬಿಳಿ ಮೀಸೆಯ ಒಬ್ಬರು ಇನ್ನೂ ಕಿಸಿಕಿಸಿ ಎನ್ನುತ್ತಿದ್ದರು. ಶಾಯಮ್ಮ ಫೈಲು ಹಿಡಿದುಕೊಂಡು ಅವರ ಮುಂದೆ ಹೋದಳು.

"ಈ ಕಡೆಯಿಂದ ನೋಡಿ ಎಲ್ಲರೂ. ಇವರ ಮೀಸೆಯಲ್ಲಿ ಹುಲ್ಲು ಬೆಳೆದಿದೆ."

ನಾಲ್ವರೂ ಎದ್ದು ಬಂದು ಫೈಲಿನ ಒಳಗಿಂದ ನೋಡಿದರು. ಬೆಂಚು ಅಲುಗಾಡುವ ಹಾಗೆ ನಗು ಎದ್ದಿತು. ಡ್ರೈವರು ಎಲ್ಲರಿಗಿಂತ ಜೋರಾಗಿ ನಕ್ಕರು. ಎರಡೂ ಕೈ ಮಂಡಿಯ ಮೇಲೇ ಇದ್ದವು.

ಸೊಸೆ ತವರಿನಿಂದ ಬಂದಳು. ಶಾಯಮ್ಮ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿ, ಹೊಸದಾಗಿ ಮಾಡಿದ ಪುಟ ತೋರಿಸಿದಳು, ಮುಟ್ಟಬಹುದಾ ಎಂದು ಫೋನಿನಲ್ಲಿ ಕೇಳಿಯೇ ಮಾಡಿದ್ದು. ಕ್ಲಿನಿಕ್ಕಿನ ಹಸಿರುನೀಲಿ ಪುಟದ ಮೇಲಂಚಿನಲ್ಲಿ ಗಾಢವಾಗಿ ಶುರುವಾಗಿ, ಇಳಿಯುತ್ತ ಇಳಿಯುತ್ತ ತಿಳಿಯಾಗಿ, ಡ್ರೈವರ ಹುಬ್ಬಿನ ಹತ್ತಿರ ಬರುವಷ್ಟರಲ್ಲಿ ಅಚ್ಚ ಬಿಳಿಯಾಗಿ ಮುಗಿಯುತ್ತಿತ್ತು. ಬೆರೆಸಿದ್ದು ಮಲ್ಟಿಪ್ಲೈಯೇ. ಬಣ್ಣ ಬಿಳಿಯಾದಲ್ಲಿ ಅದು ಫೋಟೋವನ್ನು ಮುಟ್ಟುವುದಿಲ್ಲ. ಹಲ್ಲು ಹಲ್ಲಿನ ಬಣ್ಣದಲ್ಲೇ ಉಳಿದಿತ್ತು.

ಸೊಸೆ ಅದನ್ನು ನಾಲ್ಕು ಫೋನಿನಲ್ಲಿ ತಿರುವಿ ಮುರುವಿ ನೋಡಿದಳು. "ಚೆನ್ನಾಗಿದೆ ಅತ್ತೆ. ನಿಜವಾಗಿ ಚೆನ್ನಾಗಿದೆ. ಯಾರು ಹೇಳಿಕೊಟ್ರು?"

'ನಾನೇ' ಅನ್ನುವ ಮಾತು ಶಾಯಮ್ಮನ ನಾಲಿಗೆಯ ತುದಿಗೆ ಬಂದು ಕೂತಿತ್ತು. ಮೂವತ್ತೊಂದು ವರ್ಷದ ಅಭ್ಯಾಸ. ಅದನ್ನು ನುಂಗಿಕೊಂಡು, "ಬಸ್ ಡ್ರೈವರು," ಅಂದಳು. ನುಂಗಲು ನೀರು ಬೇಕಾಯಿತು.

ಆಗ ಸೊಸೆ ತಾನೂ ಒಂದು ವಿಷಯ ಹೇಳಬೇಕು ಎಂದಳು. ಚಪ್ಪಲಿ ಅಂಗಡಿ, ಹೂವಿನಂಗಡಿ, ಗಡಿಯಾರದವನು, ಎಲ್ಲರ ಪುಟವನ್ನೂ ತಾನು ಹಿಂದಿನಿಂದ ತಿಳಿ ಮಾಡುತ್ತಿದ್ದೆ ಎಂದು ಒಪ್ಪಿಕೊಂಡಳು. "ಹೇಳಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ಹೇಳಬೇಕಿತ್ತು. ಹೇಳಿದ್ರೆ ಇದಾಗ್ತಿರಲಿಲ್ಲ." ಶಾಯಮ್ಮ ಗಡಿಯಾರದ ಪುಟ ತೆರೆದು ನೋಡಿದಳು. ಹತ್ತು ಗಂಟೆ ಹತ್ತು ನಿಮಿಷ, ಸ್ಪಷ್ಟವಾಗಿ ಕಾಣುತ್ತಿತ್ತು. ಎರಡು ದಿನ ಸೊಸೆಯ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಒಂದು ಅರ್ಧವಿರಾಮ ಎಲ್ಲಿ ಬಿಟ್ಟುಹೋಗಿದೆ ಎಂದು ತಿಳಿಯದೆ, ತಾನೇ ಹೋಗಿ ಮಾತಾಡಿಸಿದಳು.

ಅದಾದ ಮೇಲೆ ಇಬ್ಬರೂ ಕೂತು ಒಂದು ನಿಯಮ ಮಾಡಿಕೊಂಡರು. ಯಾವ ಪುಟವಾದರೂ ಜನರಿಗೆ ಬಿಡುವ ಮೊದಲು ಡ್ರೈವರಿಗೆ ಹೋಗಬೇಕು. ಅವರ ಫೋನು ಹಳೆಯದು, ಗಾಜು ಎರಡು ಕಡೆ ಬಿರುಕು ಬಿಟ್ಟಿದೆ, ಕಣ್ಣಿಗೆ ಆಪರೇಷನ್ ಆಗಿದೆ; ಅವರಿಗೆ ಕಂಡರೆ ಎಲ್ಲರಿಗೂ ಕಂಡ ಹಾಗೆ. ಅವರೂ ಈ ಕೆಲಸವನ್ನು ಬಸ್ಸಿನ ಬ್ರೇಕು ಪರೀಕ್ಷೆ ಮಾಡುವಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದಾರೆ.

ಕಳೆದ ವಾರ ಶಾಯಮ್ಮ ಒಂದು ಈಜು ಶಾಲೆಯ ಪುಟ ಮಾಡಿದಳು. ಆರು ಮಕ್ಕಳು ನೀರಿನಲ್ಲಿ ಸಾಲಾಗಿ ನಿಂತ ಫೋಟೋ, ಮೇಲೆ ಒಂದು ತಿಳಿನೀಲಿ. ಈ ಸಲ ತೂಕ ತಪ್ಪಿಲ್ಲ ಎಂಬ ಧೈರ್ಯವಿತ್ತು. ಕಳಿಸಿ ಹತ್ತು ನಿಮಿಷಕ್ಕೆ ಫೋನು ಬಂತು.

"ಏನಮ್ಮ ಇದು, ಮಕ್ಕಳೆಲ್ಲ ಮುಳುಗಿ ಹೋಗಿದಾರಲ್ಲ?"

"ಮುಳುಗಿಲ್ಲ ಅಣ್ಣಾ, ಅದು ನೀರಿನ ಭಾವ ಬರಲಿ ಅಂತ..."

"ಭಾವ ಆಮೇಲೆ. ಮೊದಲು ಮಕ್ಕಳನ್ನ ಮೇಲೆತ್ತಿ."

ಈ ಮುದುಕರಿಗೆ ಕಲೆ ಗಿಲೆ ಏನೂ ಗೊತ್ತಿಲ್ಲ ಎಂದು ಗೊಣಗಿಕೊಂಡು ಶಾಯಮ್ಮ ಫೋನು ಕೆಳಗಿಟ್ಟಳು. ಚಹಾ ಮಾಡಿಕೊಂಡು ಬಂದಳು. ಪುಟ ಮತ್ತೆ ತೆರೆದು, ಕನ್ನಡಕ ಒರೆಸಿ, ಎರಡು ನಿಮಿಷ ನೋಡಿದಳು. ಸಾಲಿನ ಕೊನೆಯ ಮಗುವಿನ ಮೋರೆ ಸ್ವಲ್ಪ ನೀಲಿಯಾಗಿಯೇ ಇತ್ತು. ಅದರ ಪಕ್ಕದ್ದೂ. ಚಹಾ ಆರುವ ಮೊದಲೇ ಅವಳು ಆರೂ ಮಕ್ಕಳನ್ನು ನೀರಿನಿಂದ ಎತ್ತಿದಳು.